ಚಿಗುರುವ ನಾಳ, ನೆಲೆನಿಲ್ಲುವ ನಾಳ

ಕೋಳಿ ಸಾಕಿದ ಮನೆಗಳಲ್ಲಿ, ಕಾವಿಗೆ ಕೂರಿಸಿದ ಮೊಟ್ಟೆಗಳನ್ನು ನಾಲ್ಕೈದು ದಿನಗಳಾದ ಮೇಲೆ ಕತ್ತಲೆಯಲ್ಲಿ ದೀಪಕ್ಕೆ ಹಿಡಿದು ನೋಡುವ ವಾಡಿಕೆಯುಂಟು. ನಮ್ಮ ಮನೆಯಲ್ಲಿ ಅಜ್ಜಿ ಈ ಪರೀಕ್ಷೆಯನ್ನು ದೀಪ ಹಚ್ಚಿದ ಮೇಲೆ ಮಾಡುತ್ತಿದ್ದಳು: ಎಡಗೈಯ ಬೆರಳುಗಳನ್ನು ಕೊಳವೆಯಂತೆ ಮಡಿಸಿ, ಅದರ ಬಾಯಿಗೆ ಮೊಟ್ಟೆಯನ್ನು ಕೂರಿಸಿ, ಲಾಂದ್ರದ ಗಾಜಿಗೆ ಸಮೀಪವಾಗಿ ಹಿಡಿದು, ಒಂದು ಕಣ್ಣು ಮುಚ್ಚಿಕೊಂಡು ನೋಡುವಳು. ಬರಡು ಮೊಟ್ಟೆ ಒಂದೇ ಸಮನಾಗಿ ಹಳದಿಗೆ ಬೆಳಗುತ್ತಿತ್ತು. ಜೀವ ಕಟ್ಟಿದ ಮೊಟ್ಟೆಯಲ್ಲಾದರೋ ನಡುವೆ ಒಂದು ಕರಿಯ ಚುಕ್ಕೆಯೂ, ಆ ಚುಕ್ಕೆಯಿಂದ ಎಲ್ಲ ದಿಕ್ಕಿಗೂ ಕವಲೊಡೆದು ಹೋದ ಕೆಂಪು ಎಳೆಗಳೂ ಕಾಣುತ್ತಿದ್ದುವು. ಆಕೆ ಏನೂ ಹೇಳದೆ ಆ ಮೊಟ್ಟೆಯನ್ನು ಮತ್ತೆ ಹುಲ್ಲಿನ ಮಂಕರಿಯಲ್ಲಿಟ್ಟು ಮುಂದಿನದನ್ನು ಎತ್ತಿಕೊಳ್ಳುವಳು. ಆ ಕೆಂಪು ಎಳೆಗಳು ಎಲ್ಲಿಂದ ಬಂದುವು ಎಂದು ಬಾಲ್ಯದಲ್ಲಿ ನಾನು ಬೆರಗುಪಟ್ಟದ್ದುಂಟು. ಅವು ಎಲ್ಲಿಯವರೆಗೆ ಹೋಗಬೇಕು, ಎಲ್ಲಿ ನಿಲ್ಲಬೇಕು, ನಿಂತ ಮೇಲೆ ಸೋರದೆ ಒಡೆಯದೆ ಹೇಗೆ ಇರಬೇಕು ಎಂಬುದನ್ನು ಅವಕ್ಕೆ ಹೇಳಿದವರಾರೆಂಬ ಪ್ರಶ್ನೆ ಬಹಳ ವರ್ಷಗಳ ತರುವಾಯ ಹುಟ್ಟಿತು. ವಿಜ್ಞಾನಿಗಳಿಗೂ ಹೆಚ್ಚುಕಡಿಮೆ ಇದೇ ಅನುಕ್ರಮದಲ್ಲಿ ಈ ಎರಡು ಪ್ರಶ್ನೆಗಳು ಎದುರಾದುವು. ಮೊದಲನೆಯದಕ್ಕಿಂತ ಎರಡನೆಯದು ಎಷ್ಟು ಗಹನವೆಂಬುದನ್ನು ಹೇಳುವುದೇ ಈ ಲೇಖನದ ಉದ್ದೇಶ.

ರಕ್ತವು ದೇಹದಲ್ಲಿ ಸುತ್ತಿಬರುತ್ತದೆಂಬುದನ್ನು ಇಂಗ್ಲೆಂಡಿನ ವಿಲಿಯಂ ಹಾರ್ವೆ 1628ರಲ್ಲಿ ಪ್ರತಿಪಾದಿಸಿದಾಗ, ಧಮನಿಗಳಲ್ಲಿ ಹೊರಟ ರಕ್ತ ಸಿರೆಗಳಿಗೆ ಯಾವ ದಾರಿಯಿಂದ ದಾಟುತ್ತದೆಂಬುದನ್ನು ಆತ ಕಣ್ಣಾರೆ ಕಂಡಿರಲಿಲ್ಲ. ದಾರಿ ಇರಲೇಬೇಕೆಂದು ತರ್ಕದಿಂದ ನಿಶ್ಚಯಿಸಿದ್ದನು. ಆತ ತೀರಿಕೊಂಡು ನಾಲ್ಕು ವರ್ಷಗಳಾದ ಮೇಲೆ, 1661ರಲ್ಲಿ, ಇಟಲಿಯ ಮಾರ್ಚೆಲ್ಲೊ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟು ಆ ದಾರಿಯನ್ನು, ಎಂದರೆ ಲೋಮನಾಳಗಳನ್ನು, ಕಂಡನು. ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಕಿರಿದಾದ ಈ ನಾಳಗಳಲ್ಲಿ ಕೆಂಪು ರಕ್ತಕಣಗಳು ಒಂದರ ಹಿಂದೊಂದಾಗಿ, ಎಷ್ಟೋ ಕಡೆ ಮೈ ಮಡಿಸಿಕೊಂಡು, ನುಸುಳಿಹೋಗಬೇಕು. ನಾಳದ ಗೋಡೆಯೆಂದರೆ ಒಂದೇ ಪದರದ ಒಳಪೊರೆಕೋಶಗಳು. ಅತಿ ಸಣ್ಣ ನಾಳಗಳಲ್ಲಿ ಒಂದೇ ಒಂದು ಕೋಶ ವೀಳ್ಯದೆಲೆಯಂತೆ ಸುರುಳಿ ಸುತ್ತಿಕೊಂಡು ತಾನೇ ಕೊಳವೆಯಾಗಿರುವುದುಂಟು. ರಕ್ತದಿಂದ ಹೊರಬಿದ್ದ ಆಮ್ಲಜನಕ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ದೂರಕ್ಕೆ ಮಾತ್ರ ಪಸರಿಸಬಲ್ಲುದಾದ್ದರಿಂದ, ನಮ್ಮ ದೇಹದ ಬಹುತೇಕ ಪ್ರತಿಯೊಂದು ಜೀವಕೋಶಕ್ಕೂ ಅಷ್ಟು ಸಮೀಪದಲ್ಲಿ ಇಂಥದೊಂದು ನಾಳ ಹರಿಯುತ್ತಿರಬೇಕು. ಇಷ್ಟು ವಿಸ್ತಾರವಾದ ಈ ಜಾಲದ ಕೋಶಗಳು, ಬೆಳೆದ ಮನುಷ್ಯನಲ್ಲಿ, ವಿಭಜನೆಯಾಗದೆ ವರ್ಷಗಟ್ಟಲೆ ಸುಮ್ಮನಿರುತ್ತವೆ. ಗಾಯವಾದಾಗ, ಸ್ತ್ರೀಯರ ಋತುಚಕ್ರದಲ್ಲಿ, ಗರ್ಭಧಾರಣೆಯಲ್ಲಿ, ಹೀಗೆ ಕೆಲವೇ ಸಂದರ್ಭಗಳಲ್ಲಿ ಅವು ಎಚ್ಚರಗೊಂಡು ಹೊಸ ನಾಳಗಳನ್ನು ಹೆಣೆದು ಪುನಃ ಸುಮ್ಮನಾಗುತ್ತವೆ.

ಎಚ್ಚರಿಸುವ ಕೂಗು ಹುಟ್ಟುವುದು ಉಸಿರುಗಟ್ಟಿದ ಕೋಶದಲ್ಲಿ. ಹಿಫ್ ಎಂಬ ಒಂದು ಪ್ರೋಟೀನನ್ನು ಪ್ರತಿಯೊಂದು ಕೋಶವೂ ಸದಾ ತಯಾರಿಸುತ್ತಿರುತ್ತದೆ, ಆಮ್ಲಜನಕ ಸಾಕಷ್ಟಿರುವಾಗ ಕೆಲವೇ ನಿಮಿಷಗಳಲ್ಲಿ ಅದನ್ನು ನಾಶಮಾಡುತ್ತಲೂ ಇರುತ್ತದೆ. ಆಮ್ಲಜನಕ ಕಡಿಮೆಯಾಯಿತೋ, ನಾಶ ನಿಂತುಹೋಗಿ, ಉಳಿದುಕೊಂಡ ಹಿಫ್ ಕೋಶಕೇಂದ್ರವನ್ನು ಹೊಕ್ಕು ಹಲವು ವಂಶವಾಹಿಗಳನ್ನು ಎಬ್ಬಿಸುತ್ತದೆ. ಮಾಡುತ್ತ ಕೆಡಿಸುವ ಈ ಕ್ರಮ ಮೇಲುನೋಟಕ್ಕೆ ದುಂದಾಗಿ ಕಂಡರೂ, ಉಸಿರಿನ ವಿಷಯದಲ್ಲಿ ಕ್ಷಣಮಾತ್ರದ ವಿಳಂಬವೂ ಸಲ್ಲದೆಂಬುದನ್ನು ನೆನೆದಾಗ ಇದಕ್ಕಿಂತ ಮೇಲಾದ ಏರ್ಪಾಡು ನನಗೆ ತೋರುವುದಿಲ್ಲ. ಈ ರಹಸ್ಯವನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಎಂಬ ಮೂವರಿಗೆ 2019ರ ನೊಬೆಲ್ ಪಾರಿತೋಷಕ ಸಂದಿತು.

ಹಿಫ್ ಎಬ್ಬಿಸುವ ಸಂಕೇತಗಳಲ್ಲಿ ಪ್ರಧಾನವಾದದ್ದು ವಿ.ಇ.ಜಿ.ಎಫ್. ಎಂಬ ಪ್ರೋಟೀನು, ನಾಳದ ಒಳಪೊರೆಯನ್ನು ಬೆಳೆಯಿಸುವ ಕಾರಕ ಎಂಬುದು ಆ ದೀರ್ಘನಾಮದ ಅರ್ಥ. ಇದನ್ನು ಕಂಡುಹಿಡಿದ ಕಥೆ ಸ್ವಾರಸ್ಯವಾದದ್ದು. 1983ರಲ್ಲಿ ಬೋಸ್ಟನ್ ನಗರದಲ್ಲಿ ಡೊನಾಲ್ಡ್ ಸೆಂಗರ್, ಹೆರಾಲ್ಡ್ ಡ್ವೊರಾಕ್ ಮತ್ತು ಅವರ ಸಂಗಡಿಗರು, ಗಡ್ಡೆಗಳು ಬೆಳೆದೆಡೆಯಲ್ಲಿ ನೀರು ತುಂಬಿಕೊಳ್ಳುವುದೇಕೆಂದು ಹುಡುಕುತ್ತ, ಗಿನಿಯಿಲಿಗಳ ಗಡ್ಡೆಯ ದ್ರವದಲ್ಲಿ ರಕ್ತನಾಳಗಳನ್ನು ಸೋರಿಸುವ ಒಂದು ಪ್ರೋಟೀನನ್ನು ಗುರುತಿಸಿದರು. ಚರ್ಮದಲ್ಲಿ ದದ್ದೆಬ್ಬಿಸುವ ಹಿಸ್ಟಮಿನ್‌ಗಿಂತ ಸುಮಾರು 50,000 ಪಾಲು ಪ್ರಬಲವಾಗಿ ಅದು ನಾಳಗಳನ್ನು ಸೋರಿಸುತ್ತಿತ್ತು. 1989ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನೆಪೋಲಿಯೊನ್ ಫೆರಾರಾ ದನಗಳ ಪಿಟ್ಯುಟರಿ ಗ್ರಂಥಿಯ ಕೋಶಗಳನ್ನು ಸಾಕುತ್ತ, ಅವು ಸ್ರವಿಸಿದ ದ್ರವದಿಂದ ಒಳಪೊರೆಕೋಶಗಳನ್ನು ಮಾತ್ರ ಬೆಳೆಯಿಸುವ ಪ್ರೋಟೀನೊಂದನ್ನು ಶುದ್ಧಗೊಳಿಸಿದರು. ಎರಡರ ರಚನೆಯನ್ನೂ ಅಕ್ಷರ ಅಕ್ಷರವಾಗಿ ಓದಿ ಪಕ್ಕಪಕ್ಕದಲ್ಲಿಟ್ಟಾಗ ತಿಳಿದದ್ದು, ಅವೆರಡೂ ಒಂದೇ ಎಂದು! ಸೋರಿಸುವುದೂ ಬೆಳೆಯಿಸುವುದೂ ಒಂದೇ ಅಣುವಿನ ಕೃತ್ಯವೆಂಬುದು ಮೊದಲ ನೋಟಕ್ಕೆ ವಿಚಿತ್ರವಾಗಿ ಕಂಡರೂ, ಸೋರಿಬಂದ ರಕ್ತದ್ರವ ಹೆಪ್ಪುಗಟ್ಟಿ ಹಂದರವಾದರಲ್ಲವೆ ಹೊಸ ಕುಡಿ ಅದನ್ನು ಹಿಡಿದು ಹಬ್ಬುವುದು? ಹಳೆಯ ಬದುವನ್ನು ಸಡಿಲಿಸದೆ ಹೊಸ ಕಾಲುವೆಯನ್ನು ತೆಗೆಯಲಾಗದು.

ಈ ಅಣುವಿನ ಪ್ರಮಾಣದಲ್ಲಿ ದೇಹ ಎಷ್ಟು ಕಟ್ಟುನಿಟ್ಟು ಎಂಬುದು 1996ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿಯಿತು. ತಂದೆಯಿಂದೊಂದು ತಾಯಿಯಿಂದೊಂದು ಎಂದು ಬರುವ ಎರಡು ವಂಶವಾಹಿಗಳಲ್ಲಿ ಒಂದನ್ನು ಕೆಡಿಸಿದರೆ ಸಾಮಾನ್ಯವಾಗಿ ಉಳಿದೊಂದು ಸಂಸಾರವನ್ನು ತೂಗಿಸಿಕೊಂಡು ಹೋಗುತ್ತದೆ, ವಿ.ಇ.ಜಿ.ಎಫ್. ವಿಷಯದಲ್ಲಿ ಹಾಗಾಗಲಿಲ್ಲ. ಒಂದನ್ನು ಕಳೆದುಕೊಂಡ ಪಿಂಡಗಳೆಲ್ಲ ಗರ್ಭದ ಹನ್ನೊಂದನೆಯ ದಿನದ ಸುಮಾರಿಗೆ ಗತಿಸಿದುವು. ಅರ್ಧ ಪ್ರಮಾಣ ಎಂಬುದು ಇಲ್ಲಿ ಅರ್ಧ ಜೀವವಲ್ಲ.

ಕೂಗು ಕೇಳಿದ ನಾಳ ಚಿಗುರುವ ಬಗೆಯನ್ನು ಹಬ್ಬುವ ಬಳ್ಳಿಗಿಂತ ಚೆನ್ನಾಗಿ ಯಾವುದೂ ತೋರಿಸಲಾರದು. ಮುಂಚೂಣಿಯಲ್ಲಿ ಒಂದು ಕುಡಿಕೋಶ. ಅದರ ಮೈಯಿಂದ ನೂಲಿನಂಥ ತಂತುಗಳು ಹತ್ತಾರು ಹೊರಟು, ವಿ.ಇ.ಜಿ.ಎಫ್. ಯಾವ ಕಡೆ ಸಾಂದ್ರವಾಗಿದೆಯೆಂದು ತಡವಿ ನೋಡುತ್ತ ಮುಂದೆ ಸರಿಯುತ್ತವೆ. ಅದರ ಹಿಂದೆ ಬರುವ ದಂಟುಕೋಶಗಳು ವಿಭಜನೆಗೊಂಡು ದಂಟನ್ನು ನೀಳವಾಗಿಸಿ ಒಳಗೆ ಟೊಳ್ಳು ಮಾಡುತ್ತವೆ. ಹೊಲ್ಗರ್ ಗೆರ್‌ಹಾರ್ಟ್, ಕ್ರಿಸ್ಟರ್ ಬೆಟ್ಸ್‌ಹೋಲ್ಟ್ಸ್ ಮೊದಲಾದವರು 2003ರಲ್ಲಿ ಎಳೆಯ ಇಲಿಮರಿಗಳ ಅಕ್ಷಿಪಟಲದಲ್ಲಿ ಇದನ್ನು ಸ್ಫುಟವಾಗಿ ತೋರಿಸಿದರು. ಎಲ್ಲ ಕೋಶಗಳಿಗೂ ಅದೇ ಕೂಗು ಕೇಳಿಸುತ್ತಿರುವಾಗ ಎಲ್ಲವೂ ಕುಡಿಯೊಡೆದು ಓಡುವುದಿಲ್ಲವೇಕೆ? ಮುಂದಾದ ಕೋಶ ಡಿ.ಎಲ್.ಎಲ್.4 ಎಂಬ ಪ್ರೋಟೀನನ್ನು ತನ್ನ ಮೈಮೇಲೆ ಮೂಡಿಸಿ, ನೆರೆಯ ಕೋಶದ ನಾಚ್ ಎಂಬ ಗ್ರಾಹಕವನ್ನು ಮುಟ್ಟಿ, ‘ನೀನು ದಂಟಾಗಿರು’ ಎಂದು ಅದನ್ನು ತಡೆಯುತ್ತದೆ. ಈ ಹಿರಿತನ ಶಾಶ್ವತವಲ್ಲ. ಹಿಂದಿದ್ದ ಕೋಶ ಮುಂದಿನದನ್ನು ದಾಟಿಹೋಗಿ ತಾನೇ ಕುಡಿಯಾಗುವುದು ಪದೇ ಪದೇ ನಡೆಯುತ್ತದೆ. ಡಿ.ಎಲ್.ಎಲ್.4ನ್ನು ಔಷಧದಿಂದ ತಡೆದಾಗ ಇಲಿಗಳ ಗಡ್ಡೆಗಳಲ್ಲಿ ಕಂಡ ಪರಿಣಾಮವನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದ್ದೇನೆ: ನಾಳಗಳು ಮೊದಲಿಗಿಂತ ಅನೇಕವಾದುವು, ಪೊದೆಪೊದೆಯಾಗಿ ಹೆಣೆದುಕೊಂಡುವು, ಆದರೆ ಅವುಗಳಲ್ಲಿ ರಕ್ತ ಸರಿಯಾಗಿ ಹರಿಯದೆ ಗಡ್ಡೆಯೇ ಕುಗ್ಗಿತು. ಕಾಲುವೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಗದ್ದೆಗೆ ನೀರೇರುವುದಿಲ್ಲವಷ್ಟೆ.

ಇಲ್ಲಿಗೆ ಬೆಳವಣಿಗೆಯ ಮಾತಾಯಿತು. ನಾಳ ಬಿಗಿಯಾಗುವ ಕಥೆ ಇನ್ನು ಮುಂದಿದೆ. ಹೊಸದಾಗಿ ಚಿಗುರಿದ ನಾಳ ಎಳೆಯದು, ಸೋರುವಂಥದು, ಕೂಗು ನಿಂತರೆ ಬೇಗನೆ ಸಾಯುವಂಥದು. ಅದನ್ನು ಉಳಿಸುವ ಮೊದಲನೆಯ ಸಂಗತಿ ಹರಿವು. ಜರ್ಮನಿಯ ರಿಚರ್ಡ್ ಥೋಮಾ 1893ರಷ್ಟು ಹಿಂದೆಯೇ, ಅಜ್ಜಿ ಲಾಂದ್ರಕ್ಕೆ ಹಿಡಿಯುತ್ತಿದ್ದಂಥ ಕೋಳಿಮೊಟ್ಟೆಯ ಪಿಂಡಗಳನ್ನೇ ನೋಡುತ್ತ, ರಕ್ತ ರಭಸವಾಗಿ ಹರಿದ ನಾಳ ಹಿಗ್ಗುವುದನ್ನೂ ಹರಿವು ನಿಂತ ನಾಳ ಸೊರಗಿ ಮಾಯವಾಗುವುದನ್ನೂ ಗುರುತಿಸಿದ್ದನು. ಎರಡನೆಯದು ಪೆರಿಸೈಟ್ ಎಂಬ ಕೋಶಗಳ ಆಸರೆ. ಎಳೆಯ ನಾಳ ಪಿ.ಡಿ.ಜಿ.ಎಫ್.-ಬಿ ಎಂಬ ಸಂಕೇತವನ್ನು ಸ್ರವಿಸಿ ಈ ಕೋಶಗಳನ್ನು ಬಳಿಗೆ ಕರೆಯುತ್ತದೆ. ಅವು ಬಂದು, ಮರವನ್ನು ತಬ್ಬಿದ ಬೇರಿನಂತೆ, ನಾಳದ ಹೊರಮೈಯನ್ನು ನೀಳವಾದ ಕೈಗಳಿಂದ ಅಪ್ಪಿಕೊಳ್ಳುತ್ತವೆ. 1997ರಲ್ಲಿ ಸ್ವೀಡನ್ನಿನಲ್ಲಿ ಈ ಸಂಕೇತವಿಲ್ಲದ ಇಲಿಗಳನ್ನು ಬೆಳೆಸಿ ನೋಡಿದಾಗ, ಮಿದುಳಿನ ಲೋಮನಾಳಗಳು ಪೆರಿಸೈಟ್‌ಗಳಿಲ್ಲದೆ ಅಲ್ಲಲ್ಲಿ ಬುಗ್ಗೆಗಳಾಗಿ ಉಬ್ಬಿ ಒಡೆದುಹೋಗಿದ್ದುವು.

ಪೆರಿಸೈಟು ನಾಳಕ್ಕೆ ಆಸರೆ ಕೊಡುವುದು ಮೈಬಲದಿಂದ ಮಾತ್ರವಲ್ಲ. ಅದು ಆಂಜಿಯೊಪೊಯೆಟಿನ್-1 ಎಂಬ ಅಣುವನ್ನು ಸದಾ ಸ್ವಲ್ಪಸ್ವಲ್ಪವಾಗಿ ಸ್ರವಿಸುತ್ತಿರುತ್ತದೆ; ಒಳಪೊರೆಕೋಶದ ಮೇಲಿನ ಟೈ-2 ಎಂಬ ಗ್ರಾಹಕ ಅದನ್ನು ಹಿಡಿದು, ಕೋಶಕೋಶಗಳ ನಡುವಿನ ಸಂಧಿಗಳನ್ನು ಬಿಗಿಯಾಗಿಡು, ಸಾಯಬೇಡ, ಸುಮ್ಮನಿರು ಎಂಬ ಸಂದೇಶವನ್ನು ಒಳಗೆ ಮುಟ್ಟಿಸುತ್ತದೆ. ನಮ್ಮ ಕೆರೆಗಳ ಕೆಳಗಿನ ಊರುಗಳಲ್ಲಿ ನೀರುಗಂಟಿಯೆಂಬವನು ಇರುತ್ತಿದ್ದನಷ್ಟೆ. ಅವನು ಹೊಸ ಕಾಲುವೆಯನ್ನೇನೂ ತೋಡುತ್ತಿರಲಿಲ್ಲ, ದಿನವೂ ಹೆಗಲಮೇಲೆ ಗುದ್ದಲಿ ಹೊತ್ತು ಏರಿಯುದ್ದಕ್ಕೂ ನಡೆದು, ಏಡಿ ಕೊರೆದ ತೂತಿಗೆ ಒಂದು ಹಿಡಿ ಮಣ್ಣು ಮೆತ್ತಿ ಬರುತ್ತಿದ್ದನು. ಅವನು ನಾಲ್ಕು ದಿನ ಬಾರದಿದ್ದರೆ ಮಾತ್ರ ಅವನು ಮಾಡುತ್ತಿದ್ದುದೇನೆಂಬುದು ಊರಿಗೆ ತಿಳಿಯುತ್ತಿತ್ತು. ಟೈ-2ರ ಕೆಲಸವೂ ಅಂಥದು. ಬೆಳೆದ ನಾಳ ಶಾಂತವಾಗಿರುವುದು ಯಾವ ಸಂಕೇತವೂ ಇಲ್ಲದ್ದರಿಂದಲ್ಲ. ಶಾಂತವಾಗಿರೆಂಬ ಸಂಕೇತ ಹಗಲಿರುಳೂ ಎಡೆಬಿಡದೆ ಬರುತ್ತಿರುವುದರಿಂದ. ಈ ವಿಷಯದಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವ ಸಂಗತಿ ಇದು. 1990ರ ದಶಕದ ನಡುವೆ ನ್ಯೂಯಾರ್ಕಿನ ರೀಜೆನೆರಾನ್ ಸಂಸ್ಥೆಯ ಜಾರ್ಜ್ ಯಾಂಕೊಪೌಲೊಸ್ ಮತ್ತು ಸಂಗಡಿಗರು ಆಂಜಿಯೊಪೊಯೆಟಿನ್-1 ಅಣುವನ್ನು ಬೇರ್ಪಡಿಸಿದರು; ಇದಿಲ್ಲದ ಪಿಂಡದಲ್ಲಿ ನಾಳಗಳೇನೋ ಹುಟ್ಟುತ್ತವೆ, ಆದರೆ ದೊಡ್ಡದು ಸಣ್ಣದು ಎಂಬ ವಿಂಗಡಣೆಯಿಲ್ಲದೆ ಒರಟಾಗಿಯೇ ಉಳಿದು, ಪಿಂಡ ಗರ್ಭದಲ್ಲೇ ಅಳಿಯುತ್ತದೆ.

ಇದಕ್ಕೆ ಎದುರಾಳಿಯಾಗಿ ಆಂಜಿಯೊಪೊಯೆಟಿನ್-2 ಇದೆ. 1997ರಲ್ಲಿ ಪತ್ತೆಯಾದ ಈ ತಮ್ಮ, ಅಣ್ಣ ಕೂರುವ ಅದೇ ಗ್ರಾಹಕದಲ್ಲಿ ತಾನು ಕೂತು, ಅಣ್ಣನ ಸಂದೇಶ ಮುಟ್ಟದಂತೆ ಮಾಡುತ್ತಾನೆ. ಅವನ ವಾಸಸ್ಥಾನ ಒಳಪೊರೆಕೋಶದ ಒಡಲಲ್ಲೇ: ವೈಬೆಲ್ ಮತ್ತು ಪಲಾಡೆ 1964ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದ ಕಡ್ಡಿಯಾಕಾರದ ಸಣ್ಣ ಉಗ್ರಾಣಗಳಲ್ಲಿ, ರಕ್ತ ಹೆಪ್ಪುಗಟ್ಟಿಸುವ ಸಾಮಗ್ರಿಯ ಜೊತೆಯಲ್ಲಿ, ಅವನು ಮೊದಲೇ ಸಿದ್ಧನಾಗಿ ಕುಳಿತಿರುತ್ತಾನೆ. ಅಪಾಯದ ಸುಳಿವು ಬಂದರೆ ನಿಮಿಷಗಳಲ್ಲಿ ಹೊರಬೀಳುತ್ತಾನೆ. ಸಂಧಿಗಳು ಸಡಿಲವಾಗುತ್ತವೆ, ಪೆರಿಸೈಟಿನ ಅಪ್ಪುಗೆ ಸೋಲುತ್ತದೆ. ಆಮೇಲಿನ ಗತಿ ವಿ.ಇ.ಜಿ.ಎಫ್. ಹತ್ತಿರದಲ್ಲಿದೆಯೋ ಇಲ್ಲವೋ ಎಂಬುದನ್ನು ಅವಲಂಬಿಸಿದೆ. ಇದ್ದರೆ ಸಡಿಲವಾದ ನಾಳ ಹೊಸದಾಗಿ ಚಿಗುರುತ್ತದೆ. ಇಲ್ಲದಿದ್ದರೆ ಬಾಡಿ ಅಳಿದುಹೋಗುತ್ತದೆ. ಗದ್ದೆಯಲ್ಲಿ ಕುಡುಗೋಲು ತಾಗಿದ ಕಾಲನ್ನು ನೆನಪಿಗೆ ತಂದುಕೊಳ್ಳಿ: ನಾಲ್ಕೈದು ದಿನಗಳಲ್ಲಿ ಗಾಯದ ತಳದಲ್ಲಿ ದಾಳಿಂಬೆಯ ಬೀಜಗಳಂತೆ ಕೆಂಪು ಹರಳುಗಳು ಮೂಡುತ್ತವೆ, ‘ಹೊಸ ಮಾಂಸ ಬರುತ್ತಿದೆ’ ಎಂದು ಹಿರಿಯರು ಸಮಾಧಾನಪಡುತ್ತಾರೆ. ಆ ಹರಳೊಂದೊಂದೂ ಮೇಲೆದ್ದು ಬಂದ ಎಳೆಯ ಲೋಮನಾಳಗಳ ಗೊಂಚಲು. ಮುಟ್ಟಿದರೆ ರಕ್ತ ಜಿನುಗುವುದು ಅವು ಇನ್ನೂ ಬಿಗಿಯಾಗಿಲ್ಲದ್ದರಿಂದ. ತಿಂಗಳುಗಳು ಕಳೆದಂತೆ ಅದೇ ಜಾಗ ಬೆಳ್ಳಗಿನ ಕಲೆಯಾಗುತ್ತದೆ, ಕೆಲಸ ಮುಗಿಸಿದ ನಾಳಗಳಲ್ಲಿ ಬಹುಭಾಗ ಹಿಂದೆ ಸರಿದುಹೋಗಿರುತ್ತವೆ.

ಈ ಬಿಗಿ ಇಡೀ ದೇಹದಲ್ಲಿ ಒಮ್ಮೆಗೇ ಸಡಿಲವಾದರೆ ಏನಾದೀತೆಂಬುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲ ಬಂತೆಂದರೆ ಡೆಂಗಿಯ ವಾರ್ಡುಗಳು ತುಂಬುತ್ತವೆ. ರೋಗಿಯ ಮನೆಯವರೆಲ್ಲ ‘ಪ್ಲೇಟ್ಲೆಟ್ ಎಷ್ಟಿದೆ’ ಎಂದೇ ಕೇಳುತ್ತಾರೆ. ಅನುಭವಿಯಾದ ವೈದ್ಯನ ಕಣ್ಣಾದರೋ, ರಕ್ತ ಎಷ್ಟು ಗಟ್ಟಿಯಾಗುತ್ತಿದೆಯೆಂಬ ಅಂಕಿಯ ಮೇಲಿರುತ್ತದೆ. ಜ್ವರ ಇಳಿಯುವ ಸಮಯಕ್ಕೆ, ಒಂದೆರಡು ದಿನಗಳ ಕಾಲ, ನಾಳಗಳು ಸೋರಿ ರಕ್ತದ ನೀರಂಶ ಹೊಟ್ಟೆಗೂ ಎದೆಗೂ ಇಳಿಯುವುದೇ ಆ ವ್ಯಾಧಿಯಲ್ಲಿ ಮಾರಕವಾದ ಘಟ್ಟ. ಉಲ್ಬಣಿಸಿದ ಡೆಂಗಿಯಲ್ಲಿಯೂ, ನಂಜು ರಕ್ತಕ್ಕೇರಿದ ರೋಗಿಗಳಲ್ಲಿಯೂ, ಆಂಜಿಯೊಪೊಯೆಟಿನ್-2ರ ಪ್ರಮಾಣ ಏರಿರುವುದನ್ನು ಅಳೆದು ನೋಡಿದ್ದಾರೆ. ಹೊಲದ ಬದುವಿನಲ್ಲಿ ಕಚ್ಚುವ ಕೊಳಕುಮಂಡಲದ ವಿಷಯ ಇನ್ನೂ ಭಯಂಕರ. ಅದರ ವಿಷದಲ್ಲಿ ರಕ್ತ ಕೆಡಿಸುವ ದ್ರವ್ಯಗಳಲ್ಲದೆ ವಿ.ಇ.ಜಿ.ಎಫ್. ಮನೆತನಕ್ಕೇ ಸೇರಿದ ಒಂದು ಪ್ರೋಟೀನೂ ಇದೆ. ಕಡಿಸಿಕೊಂಡ ಕೆಲವರಲ್ಲಿ ಕಣ್ಣಿನ ರೆಪ್ಪೆ, ಕೆನ್ನೆಗಳು ಊದಿ, ನಾಳಗಳು ಸೋರಿ, ರಕ್ತದೊತ್ತಡ ಕುಸಿಯುವುದಕ್ಕೆ ಇದರ ಪಾಲೂ ಇರಬೇಕೆಂದು ಶಂಕಿಸಲು ಕಾರಣವುಂಟು. ನಮ್ಮದೇ ದೇಹದ ಭಾಷೆಯನ್ನು ಹಾವು ತನ್ನ ಹಲ್ಲಿನಲ್ಲಿ ಇಟ್ಟುಕೊಂಡಿದೆ.

ಗಡ್ಡೆಗಳ ಮಾತನ್ನು ಬಿಡುವಂತಿಲ್ಲ, ಏಕೆಂದರೆ ಈ ಶಾಸ್ತ್ರಕ್ಕೆ ಜನ್ಮವಿತ್ತದ್ದೇ ಅದು. ಜೂಡಾ ಫೋಕ್‌ಮನ್ ಎಂಬ ಶಸ್ತ್ರವೈದ್ಯ 1960ರ ದಶಕದ ಆರಂಭದಲ್ಲಿ, ಅಮೆರಿಕದ ನೌಕಾದಳದ ಪ್ರಯೋಗಶಾಲೆಯಲ್ಲಿ, ದೇಹದಿಂದ ಹೊರಗೆ ಗಾಜಿನ ಪಾತ್ರೆಯಲ್ಲಿ ಜೀವಂತವಾಗಿರಿಸಿದ ಥೈರಾಯ್ಡ್ ಗ್ರಂಥಿಗೆ ಕ್ಯಾನ್ಸರ್ ಕೋಶಗಳನ್ನು ನೆಟ್ಟು ನೋಡಿದರು: ಅವು ಒಂದೆರಡು ಮಿಲಿಮೀಟರಿನಷ್ಟಾಗಿ ನಿಂತುಬಿಟ್ಟುವು, ಅದೇ ಕೋಶಗಳನ್ನು ಇಲಿಗೆ ನೆಟ್ಟಾಗ ನಾಳಗಳು ಹಬ್ಬಿ ಗಡ್ಡೆ ದಾಂಗುಡಿಯಿಟ್ಟಿತು. ನಾಳಗಳನ್ನು ತಡೆದರೆ ಗಡ್ಡೆಯನ್ನು ತಡೆಯಬಹುದೆಂದು 1971ರಲ್ಲಿ ಅವರು ಬರೆದಾಗ ನಂಬಿದವರು ಕೆಲವೇ ಮಂದಿ. 2004ರಲ್ಲಿ ವಿ.ಇ.ಜಿ.ಎಫ್. ಅನ್ನು ಹಿಡಿದಿಡುವ ಬೆವಾಸಿಝುಮಾಬ್ ಎಂಬ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಕರುಳಿನ ಹರಡಿದ ಕ್ಯಾನ್ಸರಿನಲ್ಲಿ ವಾಡಿಕೆಯ ಔಷಧಗಳೊಡನೆ ಅದನ್ನೂ ಪಡೆದವರ ಮಧ್ಯಮ ಆಯುಸ್ಸು 15.6 ತಿಂಗಳಿನಿಂದ 20.3 ತಿಂಗಳಿಗೆ ಏರಿತ್ತು. ಆ ಐದು ತಿಂಗಳನ್ನು ಹಗುರವಾಗಿ ಕಾಣಲು ರೋಗಿಯ ಮಂಚದ ಬಳಿ ಕುಳಿತವರಾರೂ ಒಪ್ಪರು; ಆದರೂ ಫೋಕ್‌ಮನ್ನರ ನಿರೀಕ್ಷೆ ಇದಕ್ಕಿಂತ ಬಹಳ ದೊಡ್ಡದಾಗಿತ್ತು. ಭಾರತದಲ್ಲಿ ಹುಟ್ಟಿ ಹಾರ್ವರ್ಡಿನಲ್ಲಿ ದುಡಿಯುತ್ತಿರುವ ರಾಕೇಶ್ ಜೈನ್ ಇದಕ್ಕೆ ಬೇರೊಂದು ವ್ಯಾಖ್ಯಾನವನ್ನಿತ್ತರು: ಗಡ್ಡೆಯ ನಾಳಗಳು ಸೊಟ್ಟಪಟ್ಟವಾಗಿ ಸೋರುತ್ತಿರುವುದರಿಂದ ಔಷಧವೇ ಒಳಗೆ ತಲಪುವುದಿಲ್ಲ, ಈ ಚಿಕಿತ್ಸೆ ಕೆಲಕಾಲ ಅವುಗಳನ್ನು ಹದಗೊಳಿಸುವುದರಿಂದಲೇ ಜೊತೆಯ ಔಷಧಕ್ಕೆ ದಾರಿಯಾಗುತ್ತದೆ. ನಾಳವನ್ನು ಕೊಲ್ಲುವುದಕ್ಕಿಂತ ಅದನ್ನು ನೆಲೆಗೊಳಿಸುವುದು ಉಪಕಾರಿಯೆಂಬ ಈ ವಿಚಾರ ನನಗೆ ಹೆಚ್ಚು ಒಪ್ಪಿಗೆಯಾಗಿದೆ.

ಕಣ್ಣಿನ ವೈದ್ಯರು ಈ ಔಷಧಗಳಿಂದ ಪಡೆದ ಫಲ ಗಡ್ಡೆಯ ವೈದ್ಯರು ಪಡೆದುದಕ್ಕಿಂತ ದೊಡ್ಡದು. ಕಣ್ಣೆಂಬುದು ಈ ಸಂಕೇತಗಳ ಜಗಳ ಬರಿಗಣ್ಣಿಗೆ ಹತ್ತಿರವಾಗಿ ಕಾಣುವ ಸ್ಥಳ. ಅದರ ಮುಂಭಾಗದ ಪಾರದರ್ಶಕ ಪಟಲದಲ್ಲಿ ಒಂದು ನಾಳವೂ ಇಲ್ಲ. ಇದ್ದಿದ್ದರೆ ನಾವು ಕೆಂಪು ಜಾಲದ ಹಿಂದಿನಿಂದ ಲೋಕವನ್ನು ನೋಡಬೇಕಾಗುತ್ತಿತ್ತು. ವಿ.ಇ.ಜಿ.ಎಫ್. ಅನ್ನು ದಾರಿಯಲ್ಲೇ ಹಿಡಿದುಬಿಡುವ ಹುಸಿಗ್ರಾಹಕವೊಂದನ್ನು ಸ್ರವಿಸಿ ಆ ಪಟಲ ತನ್ನ ತಿಳಿಯನ್ನು ಕಾಪಾಡಿಕೊಳ್ಳುತ್ತದೆಂದು 2006ರಲ್ಲಿ ತಿಳಿದುಬಂತು. ಅದೇ ಹುಸಿಗ್ರಾಹಕವನ್ನು ಗರ್ಭಿಣಿಯ ಮಾಸು ಅತಿಯಾಗಿ ಸ್ರವಿಸಿದರೆ ತಾಯಿಯ ನಾಳಗಳಿಗೆ ನಿತ್ಯದ ಪೋಷಣೆ ತಪ್ಪಿ, ರಕ್ತದೊತ್ತಡವೇರಿ, ಮೂತ್ರದಲ್ಲಿ ಪ್ರೋಟೀನು ಹೋಗಿ, ಪ್ರಸೂತಿ ಗಂಡಾಂತರಕ್ಕೊಳಗಾಗುತ್ತದೆಂಬುದನ್ನು ಅನಂತ ಕರುಮಂಚಿ ಮೊದಲಾದವರು 2003ರಲ್ಲಿ ತೋರಿಸಿದ್ದರು. ಮಧುಮೇಹಿಗಳ ಅಕ್ಷಿಪಟಲದಲ್ಲಿ ಮೊದಲು ಮರೆಯಾಗುವುದು ಪೆರಿಸೈಟುಗಳು. ನೀರುಗಂಟಿ ಹೋದ ಕಾಲುವೆಯಂತೆ ನಾಳಗಳು ಉಬ್ಬುತ್ತವೆ, ಸೋರುತ್ತವೆ. 2006ರಿಂದ ರಾನಿಬಿಝುಮಾಬ್ ಮೊದಲಾದ ಔಷಧಗಳನ್ನು ಕಣ್ಣೊಳಗೆ ಚುಚ್ಚಿ ದೃಷ್ಟಿಯನ್ನು ಉಳಿಸುತ್ತಿದ್ದಾರೆ. 2022ರಲ್ಲಿ ಅನುಮತಿ ಪಡೆದ ಫಾರಿಸಿಮಾಬ್ ಒಂದು ತೋಳಿನಿಂದ ವಿ.ಇ.ಜಿ.ಎಫ್. ಅನ್ನೂ ಇನ್ನೊಂದು ತೋಳಿನಿಂದ ಆಂಜಿಯೊಪೊಯೆಟಿನ್-2ನ್ನೂ ಹಿಡಿಯುತ್ತದೆ.

ಆದರೆ ಬೆಳವಣಿಗೆಯ ಕೂಗೂ ನಿಲುಗಡೆಯ ಆಜ್ಞೆಯೂ ಎಷ್ಟು ನಾಜೂಕಾದ ತಕ್ಕಡಿಯಲ್ಲಿ ತೂಗುತ್ತವೆಂಬುದನ್ನು ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ಕಣ್ಣು ಹೇಳುವಂತೆ ಮತ್ತಾವುದೂ ಹೇಳಲಾರದು. ಗರ್ಭದ ಹದಿನಾರನೆಯ ವಾರದ ಸುಮಾರಿಗೆ ಅಕ್ಷಿಪಟಲದ ನಡುವಿನಿಂದ, ದೃಷ್ಟಿನರ ಹೊಕ್ಕ ಸ್ಥಳದಿಂದ, ನಾಳಗಳು ಹೊರಡುತ್ತವೆ. ಮೂಗಿನ ಕಡೆಯ ಅಂಚನ್ನು 36ನೆಯ ವಾರಕ್ಕೂ, ದೂರವಾದ ಕಿವಿಯ ಕಡೆಯ ಅಂಚನ್ನು ದಿನ ತುಂಬುವ ವೇಳೆಗೂ ಮುಟ್ಟುತ್ತವೆ. ಗರ್ಭದಲ್ಲಿ ಆಮ್ಲಜನಕ ಮಿತವಾಗಿರುವುದರಿಂದ, ಬೆಳೆಯುತ್ತಿರುವ ಪಟಲ ಹದವಾಗಿ ಹಸಿದು, ಹದವಾಗಿ ಕೂಗುತ್ತ, ನಾಳಗಳನ್ನು ತನ್ನೆಡೆಗೆ ಒಂದೊಂದೇ ಹೆಜ್ಜೆಯಾಗಿ ಕರೆದುಕೊಳ್ಳುತ್ತದೆ. ಇಪ್ಪತ್ತೆಂಟನೆಯ ವಾರಕ್ಕೆ ಹುಟ್ಟಿದ ಮಗುವಿನಲ್ಲಿ ಈ ಪಯಣ ಅರ್ಧದಾರಿಯಲ್ಲಿರುತ್ತದೆ.

1942ರಲ್ಲಿ ಬೋಸ್ಟನ್ನಿನ ಥಿಯೊಡೋರ್ ಟೆರಿ ಎಂಬ ನೇತ್ರವೈದ್ಯರು, ಇಂಥ ಶಿಶುಗಳ ಕಣ್ಣಿನ ಮಸೂರದ ಹಿಂದೆ ಬಿಳಿಯ ಪೊರೆ ಕಟ್ಟಿ ಕುರುಡಾಗುವ ಹೊಸ ವ್ಯಾಧಿಯೊಂದನ್ನು ವರದಿಮಾಡಿದರು. ಅಲ್ಲಿಂದ ಹನ್ನೆರಡು ವರ್ಷಗಳಲ್ಲಿ ಲೋಕದಾದ್ಯಂತ ಸುಮಾರು 10,000 ಶಿಶುಗಳು ದೃಷ್ಟಿ ಕಳೆದುಕೊಂಡುವು. ಹೃದಯವನ್ನು ಹಿಂಡುವ ಸಂಗತಿಯೆಂದರೆ, ಉತ್ತಮ ಸಲಕರಣೆಗಳಿದ್ದ ಆಸ್ಪತ್ರೆಗಳಲ್ಲೇ ಅದು ಹೆಚ್ಚಾಗಿತ್ತು. ಶಿಶು ನೀಲಿಗಟ್ಟಬಾರದೆಂಬ ವಾತ್ಸಲ್ಯದಿಂದ ಪೆಟ್ಟಿಗೆಯೊಳಗೆ ಧಾರಾಳವಾಗಿ ಹರಿಯಿಸಿದ ಆಮ್ಲಜನಕವೇ ಕಾರಣವಿರಬಹುದೆಂದು ಮೆಲ್ಬರ್ನಿನ ಕೇಟ್ ಕ್ಯಾಂಬೆಲ್ 1951ರಲ್ಲಿ ಸೂಚಿಸಿದರು. 1953-54ರಲ್ಲಿ ಅಮೆರಿಕದ 18 ಆಸ್ಪತ್ರೆಗಳು ಒಟ್ಟುಗೂಡಿ ನಡೆಸಿದ ಪರೀಕ್ಷೆ ಅದನ್ನು ಸ್ಥಿರಪಡಿಸಿತು. ಆಮ್ಲಜನಕವನ್ನು ಕಡಿತಗೊಳಿಸಿದಾಗ ಕುರುಡು ಇಳಿಯಿತು, ಸಾವು ಏರಿತು. ಈ ಎರಡರ ನಡುವಣ ಸರಿಯಾದ ಮಟ್ಟವನ್ನು ಹುಡುಕುವ ಶ್ರಮ ಈ ಶತಮಾನದವರೆಗೂ ಮುಂದುವರಿದಿದೆ. ಅಣುಗಳ ಭಾಷೆ ತಿಳಿದ ಮೇಲೆ ಇದರ ಅರ್ಥ ನಿಚ್ಚಳವಾಯಿತು: ಆಮ್ಲಜನಕ ತುಂಬಿದಾಗ ಹಿಫ್ ಅಳಿದು ವಿ.ಇ.ಜಿ.ಎಫ್. ಕೂಗು ನಿಲ್ಲುತ್ತದೆ, ಇನ್ನೂ ಪೆರಿಸೈಟಿನ ಆಸರೆ ಪಡೆಯದ ಎಳೆಯ ನಾಳಗಳು ಸಾಯುತ್ತವೆ. ವಾರಗಳು ಕಳೆದು ಪಟಲ ಬಲಿತಾಗ, ನಾಳವಿಲ್ಲದ ಅಂಚಿನ ಭಾಗ ಉಸಿರುಗಟ್ಟಿ ಒಮ್ಮೆಗೇ ಚೀರುತ್ತದೆ. ಆ ಚೀರಾಟಕ್ಕೆ ಎದ್ದ ನಾಳಗಳು ದಿಕ್ಕು ತಪ್ಪಿ ಕಣ್ಣಿನ ನಡುಗೊಳಕ್ಕೆ ನುಗ್ಗಿ, ಸೋರಿ, ಮುದುಡಿ, ಪಟಲವನ್ನೇ ಕಿತ್ತೆಳೆಯುತ್ತವೆ. ಹಸಿದ ಪಟಲದಿಂದ ಹೊರಡುವ ಒಂದು ಕಾರಕವೇ ನಾಳಗಳನ್ನು ಬೆಳೆಸುತ್ತಿರಬೇಕೆಂದು ಐಸಾಕ್ ಮೈಕೆಲ್‌ಸನ್ 1948ರಲ್ಲಿಯೇ, ಅದರ ಹೆಸರು ತಿಳಿಯದೆ, ಊಹಿಸಿದ್ದರು. ಇಂದು ಆ ಹಸಿದ ಅಂಚನ್ನು ಲೇಸರಿನಿಂದ ಸುಟ್ಟು ಚೀರಾಟವನ್ನಡಗಿಸುತ್ತಾರೆ, ಇಲ್ಲವೆ ಔಷಧವನ್ನು ಚುಚ್ಚುತ್ತಾರೆ. ಚುಚ್ಚಿದ ಮಕ್ಕಳನ್ನು ಬಹುಕಾಲ ಕಾಯಬೇಕು, ಔಷಧ ಇಳಿದ ಮೇಲೆ ಕೂಗು ಮತ್ತೆ ಎದ್ದರೂ ಎದ್ದೀತು.

ನಮ್ಮ ದೇಶದಲ್ಲಿ 34 ವಾರಗಳಿಗೆ ಮುನ್ನ ಹುಟ್ಟಿದ, ಅಥವಾ ಎರಡು ಕಿಲೋಗ್ರಾಮಿಗಿಂತ ಕಡಿಮೆ ತೂಗುವ ಮಕ್ಕಳ ಕಣ್ಣನ್ನು ಮೂವತ್ತು ದಿನಗಳೊಳಗೆ ಪರೀಕ್ಷಿಸಬೇಕೆಂಬ ನಿಯಮವಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ಶಿಶುಘಟಕಗಳಿಗೆ ಹೋಗುತ್ತಾರೆ; ಅವರು ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ಓದುತ್ತಾರೆ. ಅಂಥ ಪರೀಕ್ಷೆಯೊಂದನ್ನು ನೋಡುವ ಅವಕಾಶ ನನಗೆ ಒದಗಿತ್ತು. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ್ದರು. ಅದರ ತಲೆ ಒಂದು ಕಿತ್ತಳೆಗಿಂತ ಸ್ವಲ್ಪ ದೊಡ್ಡದು. ರೆಪ್ಪೆಗಳನ್ನು ಸಣ್ಣ ತಂತಿಯಿಂದ ಅಗಲಿಸಿ ಕ್ಯಾಮೆರಾವನ್ನು ಕಣ್ಣಿಗೆ ಮೆಲ್ಲನೆ ತಾಗಿಸಿದಾಗ, ಎದುರಿನ ಪರದೆಯ ಮೇಲೆ ಹೊಳೆಯುವ ಕಿತ್ತಳೆಬಣ್ಣದ ಬಯಲೊಂದು ತೆರೆದುಕೊಂಡಿತು. ನಡುವೆ ಮಸುಕಾದ ಬಿಳಿಯ ಬಿಲ್ಲೆ, ಅದರಿಂದ ಎಲ್ಲ ಕಡೆಗೂ ಕವಲೊಡೆದ ಕೆಂಪು ಎಳೆಗಳು. ಒಂದು ಪಾರ್ಶ್ವದಲ್ಲಿ ಎಳೆಗಳು ಬಯಲಿನ ಅಂಚಿನವರೆಗೂ ಹೋಗಿದ್ದುವು; ಇನ್ನೊಂದರಲ್ಲಿ ಸ್ವಲ್ಪ ಈಚೆಗೇ ತೆಳುವಾಗಿ ನಿಂತು, ಅದರಾಚೆ ಬೂದುಬಣ್ಣದ ಬರಿಯ ನೆಲವಿತ್ತು. ನಾನು ಲಾಂದ್ರದ ಮುಂದಿನ ಮೊಟ್ಟೆಯನ್ನು ನೆನೆದೆನು.

ಮಗು ಅತ್ತು ಅತ್ತು ಸುಮ್ಮನಾಯಿತು. ತಾಯಿಗೆ ಇದು ಮೂರನೆಯ ಸಲ. ಬಸ್ಸಿನಲ್ಲಿ ಎರಡು ಗಂಟೆ ಕೂತು ಬಂದಿದ್ದಳು.

“ಈ ಸಲಕ್ಕೆ ಮುಗೀತಾ ಸರ್?” ಎಂದು ಕೇಳಿದಳು.

“ಇಲ್ಲಮ್ಮ, ಕಿವಿ ಕಡೆ ಇನ್ನೂ ಸ್ವಲ್ಪ ಉಳಿದಿದೆ. ನರ ಚೆನ್ನಾಗೇ ಬೆಳೀತಾ ಇದೆ, ಗಾಬರಿಯಿಲ್ಲ. ಎರಡು ವಾರ ಬಿಟ್ಟು ಕರ್ಕೊಂಡು ಬನ್ನಿ, ತಪ್ಪಿಸ್ಬೇಡಿ,” ಎಂದು ತಂತ್ರಜ್ಞ ಚೀಟಿಯ ಮೇಲೆ ದಿನಾಂಕವನ್ನು ಬರೆದುಕೊಟ್ಟನು.

ಆಕೆ ಚೀಟಿಯನ್ನು ಎರಡು ಸಲ ಓದಿ, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಹೊರಗಿನ ಬಿಸಿಲು ತಾಗದಂತೆ ಮಗುವಿನ ಕಣ್ಣಿಗೆ ಅಂಗೈ ಮರೆಮಾಡಿ, ಬಸ್ ನಿಲ್ದಾಣದ ಕಡೆ ನಡೆದಳು.